ಅಲ್ಲಿ ಗಡಿಯಾರ ತಿರುಗಿಸಿದರು, ಇಲ್ಲಿ ಅಜ್ಜಿಗೆ ನಿದ್ದೆ ಇಲ್ಲ

ಮಕ್ಕಳ ಡಾಕ್ಟರಿಗೆ ಓದುಗರ ಪ್ರಶ್ನೆ

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮ ಮಗಳು ಅಳಿಯ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾರೆ. ಮೊಮ್ಮಗನಿಗೆ ಎರಡೂವರೆ ವರ್ಷ. ರಾತ್ರಿ ಏಳಕ್ಕೆ ಮಲಗಿದರೆ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದ, ಮಧ್ಯೆ ತಕರಾರಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರಂತೆ. ಅವತ್ತಿನಿಂದ ಐದಕ್ಕೇ ಎದ್ದು ಕೂರುತ್ತಾನೆ. ಸಂಜೆ ಆರಕ್ಕೆ ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಾನೆ. ಮಗಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಅರ್ಧ ಜೀವ ಆಗಿರುತ್ತಾಳೆ. ಏನೇ ಆದರೂ ನಾನು ತೋಟದ ಆಳುಗಳ ಲೆಕ್ಕ ಬರೆದಿಟ್ಟು, ದಿನಾ ಹನ್ನೊಂದೂವರೆಗೆ ಸರಿಯಾಗಿ ವಿಡಿಯೋ ಕಾಲ್ ಮಾಡುತ್ತೇನೆ. ಅದೊಂದು ತಪ್ಪಿಸಿಲ್ಲ. ನಮ್ಮ ಕಾಲದಲ್ಲಿ ಮಕ್ಕಳು ಮಲಗದಿದ್ದರೆ ಜಾಯಿಕಾಯಿ ತೇದು ನೆಕ್ಕಿಸುತ್ತಿದ್ದೆವು. ಅಳಿಯ ಕಳೆದ ಸಲ ಬಂದಾಗ ಕಾಯಿ, ತೇಯುವ ಕಲ್ಲು ಎರಡೂ ಕೊಟ್ಟು ಕಳಿಸಿದ್ದೇನೆ. ಗಸಗಸೆ ಪಾಯಸ ಆದರೂ ಕುಡಿಸು ಅಂದೆ. ಡಾಕ್ಟರನ್ನು ಕೇಳದೆ ಏನೂ ಕೊಡಲ್ಲ ಅಂತಾಳೆ. ಕೊಯ್ಲು ಶುರುವಾಗುತ್ತೆ, ನಾನು ಅಲ್ಲಿಗೆ ಹೋಗುವ ಹಾಗೂ ಇಲ್ಲ. ಏನು ಮಾಡಲಿ?
– ಒಬ್ಬ ಅಜ್ಜಿ, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲು ಜಾಯಿಕಾಯಿ ವಿಷಯ ಮುಗಿಸಿಬಿಡೋಣ ಅಮ್ಮಾ. ಬೇಡ. ಸಾರಿಗೋ ಸಿಹಿಗೋ ಚಿಟಿಕೆ ಹಾಕಿದರೆ ಏನೂ ಆಗುವುದಿಲ್ಲ. ಆದರೆ ನಿದ್ದೆ ಬರಲಿ ಅಂತ ಕಲ್ಲಿನ ಮೇಲೆ ತೇದು ಕೊಡುವಾಗ ಎಷ್ಟು ಹೋಯಿತು ಅಂತ ಯಾರಿಗೆ ಗೊತ್ತು? ಸ್ವಲ್ಪ ಜಾಸ್ತಿಯಾದರೂ ವಾಂತಿ, ಎದೆ ಬಡಿತ, ಮಂಪರು ಬರುತ್ತದೆ. ಗಸಗಸೆಯೂ ಹಾಗೆಯೇ. ಅದು ಅಫೀಮು ಗಿಡದ ಬೀಜ. ಬೀಜದ ಮೈಗೆ ಆ ಗಿಡದ ಹಾಲು ಅಂಟಿರುತ್ತದೆ, ಒಂದು ಪೊಟ್ಟಣದಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಹಬ್ಬದ ದಿನ ಎಲ್ಲರ ಜೊತೆ ಎರಡು ಚಮಚ ಪಾಯಸ ತಿನ್ನುವ ಮಾತು ಬೇರೆ, ನಿದ್ದೆಯ ಔಷಧಿ ಮಾಡಿ ದಿನಾ ಕುಡಿಸುವ ಮಾತು ಬೇರೆ. ನೆಗಡಿ ಸಿರಪ್ಪು ಕುಡಿಸಿ ಮಲಗಿಸುವವರೂ ಇದ್ದಾರೆ. ಅದೂ ಬೇಡ. ಅಮೆರಿಕದಲ್ಲಿ ನೆಂಟರಿದ್ದರೆ ಮೆಲಟೋನಿನ್ ಅಂತ ನಿದ್ದೆಯ ಮಾತ್ರೆ ಇದೆ, ಚಾಕಲೇಟಿನ ಹಾಗಿರುತ್ತೆ, ಕೊಡಿ ಅನ್ನುತ್ತಾರೆ. ಅಲ್ಲಿ ಅದು ಅಂಗಡಿಯಲ್ಲಿ ಸಿಗುತ್ತದೆ ನಿಜ, ಇಂಗ್ಲೆಂಡಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಒಂದು ಗಂಟೆಯ ಏರುಪೇರಿಗೆ ಯಾವ ಔಷಧಿಯೂ ಬೇಕಿಲ್ಲ. ನಿಮ್ಮ ಮಗಳು ಕೇಳಿದ್ದು ಒಳ್ಳೆಯದಾಯಿತು.

ಹುಡುಗನಿಗೆ ಕಾಯಿಲೆ ಏನಿಲ್ಲ. ಬೇಸಿಗೆಯ ಉದ್ದ ಹಗಲಿನಲ್ಲಿ ಸಂಜೆಗೆ ಹೆಚ್ಚು ಬೆಳಕು ಉಳಿಯಲಿ ಅಂತ ಆ ದೇಶದವರು ಮಾರ್ಚಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರಿನಲ್ಲಿ ಮತ್ತೆ ಹಿಂದಕ್ಕೆ ತರುತ್ತಾರೆ. ಲೆಕ್ಕ ನೋಡಿ. ಮೊದಲು ಆರಕ್ಕೆ ಏಳುತ್ತಿದ್ದ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕಿದ ಮೇಲೆ ಅದೇ ಹೊತ್ತಿಗೆ ಹೆಸರು ಐದು. ಅವನು ತನ್ನ ಹೊತ್ತಿಗೇ ಏಳುತ್ತಿದ್ದಾನೆ, ತನ್ನ ಹೊತ್ತಿಗೇ ತೂಕಡಿಸುತ್ತಿದ್ದಾನೆ. ಬದಲಾಗಿದ್ದು ಗೋಡೆಯ ಮೇಲಿನ ಮುಳ್ಳು ಮಾತ್ರ. ನಿಮ್ಮ ಕೊಟ್ಟಿಗೆಯ ಹಸುವಿಗೆ ನಾಳೆಯಿಂದ ಡೇರಿ ಒಂದು ಗಂಟೆ ತಡ ಅಂದರೆ ಒಪ್ಪುತ್ತದೆಯೇ? ಕೆಚ್ಚಲು ತುಂಬಿದ ಹೊತ್ತಿಗೆ ಕೂಗುತ್ತದೆ. ಅದಕ್ಕೇ ಆ ದೇಶಗಳಲ್ಲಿ ಹಸು ಸಾಕಿದ ಎಷ್ಟೋ ಜನ ಹಾಲು ಕರೆಯುವ ಹೊತ್ತನ್ನು ಒಮ್ಮೆಗೇ ಬದಲಿಸದೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾರೆ. ಮಗುವಿಗೂ ಅದೇ ದಾರಿ.

ನಮ್ಮ ಮೆದುಳಿನಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದೊಂದು ಜೀವಕೋಶಗಳ ಗುಂಪು ಇದೆ. ಹಗಲು ರಾತ್ರಿಯ ಲೆಕ್ಕ ಇಡುವುದು ಅದೇ. ಅದು ನೋಡುವುದು ಬೆಳಕನ್ನು. ಬೆಳಿಗ್ಗೆ ಬೆಳಕು ಬಿದ್ದರೆ ನಾಳೆ ಬೇಗ ಎಬ್ಬಿಸುತ್ತದೆ. ಸಂಜೆ ಬೆಳಕಿದ್ದರೆ ನಮ್ಮ ಮೈಯಲ್ಲೇ ಹುಟ್ಟುವ, ನಿದ್ದೆ ತರುವ ಮೆಲಟೋನಿನ್ ತಡವಾಗಿ ಸುರಿಯುತ್ತದೆ. ಮಕ್ಕಳ ಕಣ್ಣು ತಿಳಿಯಾಗಿರುತ್ತದೆ, ಪಾಪೆ ದೊಡ್ಡದು. ನಮಗಿಂತ ಅವರಿಗೆ ಬೆಳಕು ಬೇಗ ತಾಗುತ್ತದೆ. ಊಟದ ಹೊತ್ತು, ಸ್ನಾನ, ಮಾತುಕತೆ ಇವೆಲ್ಲ ಬೆಳಕಿನಷ್ಟು ಜೋರಲ್ಲ, ಆದರೂ ಲೆಕ್ಕಕ್ಕೆ ಬರುತ್ತವೆ. ಮೂರು ತಿಂಗಳೊಳಗಿನ ಕೂಸಾಗಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ, ಅದಕ್ಕೆ ಇನ್ನೂ ಹಗಲು ರಾತ್ರಿಯೇ ಗಟ್ಟಿಯಾಗಿರುವುದಿಲ್ಲ.

ಈಗ ಮಗಳಿಗೆ ಹೇಳಬೇಕಾದದ್ದು. ಮಲಗುವ ಹೊತ್ತನ್ನು ದಿನಕ್ಕೆ ಹತ್ತು, ಹದಿನೈದು ನಿಮಿಷ ಮುಂದೆ ತಳ್ಳಲಿ. ಇವತ್ತು ಆರೂಕಾಲು, ನಾಳೆ ಆರೂವರೆ, ಹೀಗೆ ಏಳರವರೆಗೆ. ಮಲಗುವುದೊಂದನ್ನೇ ತಳ್ಳಿದರೆ ಆಗದು. ರಾತ್ರಿ ಊಟ, ಸ್ನಾನ, ಕಥೆ ಎಲ್ಲವೂ ಜೊತೆಗೇ ಸರಿಯಬೇಕು. ಆ ಊರಲ್ಲಿ ಈಗ ಸಂಜೆ ಐದಾಗುವುದರೊಳಗೆ ಕತ್ತಲೆ. ಮನೆಯ ದೀಪಗಳನ್ನೆಲ್ಲ ಹಾಕಿ, ಆಟ ಆಡಿಸಿ, ಮಲಗುವ ಅರ್ಧ ಗಂಟೆ ಮೊದಲು ಮಾತ್ರ ದೀಪ ಕಡಿಮೆ ಮಾಡಲಿ. ಬೆಳಿಗ್ಗೆ ಇದರ ತಿರುಗುಮುರುಗು. ಐದಕ್ಕೆ ಎದ್ದರೆ ದೀಪ ಹಾಕುವುದು ಬೇಡ, ಟಿವಿ ಬೇಡ, ಹಾಲೂ ಬೇಡ. ಕತ್ತಲಲ್ಲೇ ಪಕ್ಕದಲ್ಲಿ ಕೂತು ‘ಇನ್ನೂ ರಾತ್ರಿ’ ಅಂತ ಮೆಲ್ಲಗೆ ಹೇಳಿದರೆ ಸಾಕು. ಹೊತ್ತಿಗೆ ಸರಿಯಾಗಿ ಬಣ್ಣ ಬದಲಿಸುವ ಮಕ್ಕಳ ದೀಪ ಸಿಗುತ್ತದೆ, ಎರಡೂವರೆ ವರ್ಷದವನಿಗೆ ಅದು ಅರ್ಥವಾಗುತ್ತದೆ. ಆರಾದ ಮೇಲೆ ಪರದೆ ಸರಿಸಿ, ದೀಪ ಹಾಕಿ, ತಿಂಡಿ ಕೊಡಲಿ.

ಮಧ್ಯಾಹ್ನದ ನಿದ್ದೆ ತಪ್ಪಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತಾನೆ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ತೀರಾ ದಣಿದ ಮಗು ಇನ್ನೂ ಬೇಗ ಏಳುತ್ತದೆ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ನರ್ಸರಿಗೆ ಹೋಗುತ್ತಿದ್ದರೆ ಅಲ್ಲಿಯ ಊಟ ಅವನ ಹೊಟ್ಟೆಗೆ ಒಂದು ಗಂಟೆ ತಡ. ಮಧ್ಯೆ ಒಂದು ಬಾಳೆಹಣ್ಣು ಕೊಡಿ ಅಂತ ಅಲ್ಲಿನವರಿಗೆ ಹೇಳಿಟ್ಟರೆ ಅರ್ಧ ಹಟ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ವಿಷಯ. ನೀವು ಹನ್ನೊಂದೂವರೆಗೆ ಫೋನ್ ಮಾಡುತ್ತೀರಿ. ಬೇಸಿಗೆಯಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಅವನಿಗೆ ಆಗ ಬೆಳಿಗ್ಗೆ ಏಳು. ಈಗ ಅಂತರ ಐದೂವರೆ ಗಂಟೆ. ನಮ್ಮ ಹನ್ನೊಂದೂವರೆ ಅಂದರೆ ಅಲ್ಲಿ ಬರೀ ಆರು. ಮನೆಯವರೆಲ್ಲ ಅವನನ್ನು ಹೊಸ ಹೊತ್ತಿಗೆ ಎಳೆಯುತ್ತಿರುವಾಗ, ಸಕಲೇಶಪುರದ ಅಜ್ಜಿ ಮಾತ್ರ ಹಳೆಯ ಹೊತ್ತಿಗೇ ಕರೆಯುತ್ತಿದ್ದಾರೆ! ಬೆಳ್ಳಂಬೆಳಿಗ್ಗೆ ಹೊಳೆಯುವ ಪರದೆ, ಅದರಲ್ಲಿ ಅಜ್ಜಿಯ ಮುಖ, ಹಿಂದೆ ಕೋಳಿ, ನಾಯಿ. ಇದಕ್ಕಿಂತ ಒಳ್ಳೆಯ ಬಹುಮಾನ ಉಂಟೇ? ಯಾವ ಮಗು ತಾನೇ ಬೇಗ ಏಳುವುದಿಲ್ಲ? ನಾಳೆಯಿಂದ ಹನ್ನೆರಡೂವರೆಗೆ ಮಾಡಿ. ಊಟಕ್ಕೆ ಮೊದಲು ಮಾಡಿಬಿಡಿ, ಕೊಯ್ಲಿನ ಲೆಕ್ಕವೂ ಅಷ್ಟರಲ್ಲಿ ಮುಗಿದಿರುತ್ತದೆ. ಮಾರ್ಚ್ ಕೊನೆಯ ಭಾನುವಾರ ಅವರು ಮತ್ತೆ ಮುಳ್ಳು ಮುಂದಕ್ಕೆ ಹಾಕುತ್ತಾರೆ, ಆಗ ಹನ್ನೊಂದೂವರೆಗೆ ವಾಪಸ್ ಬನ್ನಿ. ಆಗಿನ ತೊಂದರೆಯೇ ಬೇರೆ. ಇನ್ನೂ ಬೆಳಕಿದೆ, ಮಲಗಲ್ಲ ಅನ್ನುತ್ತಾನೆ. ದಪ್ಪ ಪರದೆ ಈಗಲೇ ಹಾಕಿಸಿಕೊಳ್ಳಲಿ, ಜೂನಿನಲ್ಲಿ ಅಲ್ಲಿ ಸುಮಾರು 17 ಗಂಟೆ ಹಗಲು.

ಮಗಳ ನಿದ್ದೆಯನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿದ್ದೀರಿ, ಸಂತೋಷ. ಗಡಿಯಾರ ಹಿಂದಕ್ಕೆ ಹೋದಾಗ ಎಲ್ಲರಿಗೂ ಒಂದು ಗಂಟೆ ಹೆಚ್ಚು ನಿದ್ದೆ ಅಂತ ಅಲ್ಲಿ ಹೇಳುವುದುಂಟು. ಪುಟ್ಟ ಮಕ್ಕಳಿರುವ ಮನೆಗೆ ಬಂದು ಹೇಳಲಿ ನೋಡೋಣ. ಅಳಿಯಂದಿರಿಗೆ ನೀವೇ ಹೇಳಿ, ಅತ್ತೆಯ ಮಾತು ನಡೆಯುತ್ತದೆ. ಒಂದು ದಿನ ಬೆಳಗಿನ ಪಾಳಿ ಅವರದು, ಮಾರನೆಯ ದಿನ ಇವಳದು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಸಿಡುಕುವುದರಿಂದ ಯಾರಿಗೂ ಲಾಭವಿಲ್ಲ. ಕಣ್ಣು ಎಳೆಯುತ್ತಿದ್ದರೆ ಆ ವಾರ ಕಾರು ಓಡಿಸದೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಲಿ. ಸಾಮಾನ್ಯವಾಗಿ ಒಂದು ವಾರದಲ್ಲಿ ದಾರಿಗೆ ಬರುತ್ತದೆ, ಹಟಮಾರಿಗಳಿಗೆ ಎರಡು ವಾರ.

ಪ್ರಶ್ನೆ: ಯುದ್ಧದ ಕಾಲದಲ್ಲಿ ಗಡಿಯಾರ ಮುಂದಕ್ಕೆ ಹಾಕಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ಮೊಮ್ಮಕ್ಕಳು ನಂಬುತ್ತಿಲ್ಲ. ನಿಜವೇ? ಈಗ ಯಾಕಿಲ್ಲ?
– ನಿವೃತ್ತ ಮೇಷ್ಟ್ರು, ಕಡೂರು

ಉತ್ತರ: ಮೇಷ್ಟ್ರೇ, ಇದು ಮಕ್ಕಳ ಡಾಕ್ಟರ ಪುಟ! ಆದರೂ ಮೇಲಿನ ಪತ್ರದ ಜೊತೆಗೇ ನಿಮ್ಮದೂ ಬಂತು, ಹೇಳಿಬಿಡುತ್ತೇನೆ. ನಿಜ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಇಡೀ ದೇಶ ಹೀಗೆ ಮುಳ್ಳು ತಿರುಗಿಸುವ ಪದ್ಧತಿ ಶುರುವಾಗಿದ್ದು 1916ರಲ್ಲಿ, ಜರ್ಮನಿಯಲ್ಲಿ. ಅದೂ ಯುದ್ಧದ ಕಾಲವೇ, ದೀಪಕ್ಕೆ ಉರಿಸುವ ಕಲ್ಲಿದ್ದಲು ಉಳಿಸಬೇಕಿತ್ತು. ಕೆಲವೇ ವಾರದಲ್ಲಿ ಇಂಗ್ಲೆಂಡೂ ಹಿಂಬಾಲಿಸಿತು. ಇದನ್ನು ನಿಲ್ಲಿಸೋಣ ಅಂತ 2019ರಲ್ಲಿ ಯುರೋಪಿನ ಸಂಸತ್ತು ಮತ ಹಾಕಿತು, ನಿಂತಿಲ್ಲ.

ನಮಗೆ ಅದರ ಅಗತ್ಯವಿಲ್ಲ. ಚಿಕ್ಕಮಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಮ್ಯಾಂಚೆಸ್ಟರಿನಲ್ಲಿ ಅದು ಒಂಬತ್ತು ಗಂಟೆ ದಾಟುತ್ತದೆ. ನಮ್ಮಲ್ಲಿ ಉಳಿಸುವುದಕ್ಕೆ ಬೆಳಕೇ ಇಲ್ಲ ಅನ್ನಿ. ಮೊಮ್ಮಕ್ಕಳಿಗೆ ಇನ್ನೊಂದು ವಿಷಯ ಹೇಳಿ. ನಮ್ಮ ದೇಶದ ಹೊತ್ತನ್ನು ಅಳೆಯುವುದು 82.5 ಡಿಗ್ರಿ ರೇಖಾಂಶದಿಂದ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಸೂರ್ಯನ ಲೆಕ್ಕದಲ್ಲಿ ಹಾಸನ, ಚಿಕ್ಕಮಗಳೂರು ಯಾವತ್ತೂ ಸುಮಾರು 26 ನಿಮಿಷ ಹಿಂದೆ. ಜನವರಿಯಲ್ಲಿ ಆರೂಮುಕ್ಕಾಲಾದರೂ ಸೂರ್ಯ ಹುಟ್ಟದೆ ಮಕ್ಕಳನ್ನು ಮಬ್ಬಿನಲ್ಲೇ ಎಬ್ಬಿಸುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮವರು ಅಮೆರಿಕದ ಕಂಪನಿಗೆ ಹಾಸನದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅವರ ಮೀಟಿಂಗು ಸಂಜೆ ಆರೂವರೆಗೆ ಶುರುವಾಗಿ ಎಂಟಕ್ಕೆ ಮುಗಿಯುತ್ತಿತ್ತು. ನವೆಂಬರಿನಿಂದ ಏಳೂವರೆಗೆ ಶುರು, ಒಂಬತ್ತಕ್ಕೆ ಮುಗಿಯುತ್ತದೆ. ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಅಪ್ಪ ಬರದೆ ತುತ್ತು ಮುಟ್ಟುವುದಿಲ್ಲ. ಊಟ, ಆಟ ಎಲ್ಲ ಮುಗಿದು ಮಲಗುವಾಗ ಹತ್ತೂವರೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಎಬ್ಬಿಸಿದರೆ ರಂಪ. ವ್ಯಾನ್ ಬರುವುದು ಎಂಟಕ್ಕೆ. ನಾನೂ ಕೆಲಸಕ್ಕೆ ಹೋಗಬೇಕು ಮೇಡಂ, ಸಾಕಾಗಿ ಹೋಗಿದೆ.
– ಒಬ್ಬ ತಾಯಿ, ಹಾಸನ

ಉತ್ತರ: ನೋಡಿ, ನ್ಯೂಯಾರ್ಕಿನಲ್ಲಿ ಗಡಿಯಾರ ತಿರುಗಿಸಿದರೆ ಹಾಸನದಲ್ಲಿ ಅನ್ನ ಆರುತ್ತದೆ! ನನ್ನ ಕ್ಲಿನಿಕ್ಕಿಗೆ ಈ ದೂರು ಈಗ ಪ್ರತಿ ನವೆಂಬರಿನಲ್ಲೂ ಬರುತ್ತದೆ. ಮೇಲಿನ ಅಜ್ಜಿಯ ಮೊಮ್ಮಗನಿಗೂ ನಿಮ್ಮ ಮಗಳಿಗೂ ಇರುವ ವ್ಯತ್ಯಾಸ ಗಮನಿಸಿ. ಅವನ ಊರಿನ ಮುಳ್ಳು ಸರಿಯಿತು. ನಿಮ್ಮೂರಿನಲ್ಲಿ ಸೂರ್ಯನೂ ಅಲ್ಲೇ, ಶಾಲೆಯೂ ಅಲ್ಲೇ, ವ್ಯಾನೂ ಅಲ್ಲೇ. ಸರಿದದ್ದು ಅಪ್ಪನ ಮೀಟಿಂಗು ಒಂದೇ. ಹಾಗಾಗಿ ಮಗುವನ್ನು ಹೊಸ ಹೊತ್ತಿಗೆ ಒಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ.

ಹತ್ತೂವರೆಯಿಂದ ಆರೂಮುಕ್ಕಾಲು ಅಂದರೆ ಎಂಟೂಕಾಲು ಗಂಟೆ. ಮೂರರಿಂದ ಐದು ವರ್ಷದ ಮಕ್ಕಳಿಗೆ 10ರಿಂದ 13 ಗಂಟೆ ಬೇಕು. ದಿನಾ ಹೆಚ್ಚುಕಡಿಮೆ ಎರಡು ಗಂಟೆ ಸಾಲ. ರಂಪ ಮಾಡದೆ ಇನ್ನೇನು ಮಾಡುತ್ತಾಳೆ ಪಾಪ.

ಅಪ್ಪನಿಗೆ ಕಾಯುವುದನ್ನು ನಿಲ್ಲಿಸಿ. ಏಳಕ್ಕೆ ಊಟ, ಅಪ್ಪ ಮೀಟಿಂಗಿಗೆ ಕೂರುವ ಮೊದಲು. ಅರ್ಧ ಗಂಟೆ ಅವರು ಜೊತೆಗೆ ಕೂರಲಿ, ಅವರೇ ಅನ್ನ ಕಲಸಿ ತಿನ್ನಿಸಲಿ. ಅವರ ಊಟ ಆಮೇಲಾದರೂ ಆಗುತ್ತದೆ. ಏಳೂವರೆಗೆ ಅಪ್ಪ ಟಾಟಾ ಹೇಳಿ ಬಾಗಿಲು ಹಾಕಿಕೊಂಡರೆ ಮುಗಿಯಿತು, ಮಧ್ಯೆ ಮಧ್ಯೆ ಹೊರಗೆ ಬಂದು ಮುದ್ದಾಡುವುದು ಬೇಡ. ಎಂಟೂವರೆಯೊಳಗೆ ದೀಪ ಆರಬೇಕು. ಈಗಿನ ಹತ್ತೂವರೆಯಿಂದ ಅಲ್ಲಿಗೆ ಒಂದೇ ಸಲ ಹಾರಲು ಹೋಗಬೇಡಿ. ಎರಡು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಭಾನುವಾರವೂ ಅದೇ ಹೊತ್ತಿಗೆ ಎಬ್ಬಿಸಿ, ಎದ್ದ ಕೂಡಲೇ ಅಂಗಳಕ್ಕೆ ಕರೆದುಕೊಂಡು ಹೋಗಿ. ರಂಗೋಲಿ ಹಾಕುವಾಗ ಪಕ್ಕದಲ್ಲಿ ಕೂರಿಸಿಕೊಂಡರೂ ಆಯಿತು, ಮೋಡವಿದ್ದರೂ ಮನೆಯೊಳಗಿನ ದೀಪಕ್ಕಿಂತ ಹೊರಗಿನ ಬೆಳಕು ಎಷ್ಟೋ ಪಾಲು ಜಾಸ್ತಿ.

ಅಪ್ಪನ ಆಟ ಬೆಳಿಗ್ಗೆಗೆ ಬರಲಿ. ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ಜಡೆ ಹಾಕಿ, ವ್ಯಾನ್ ಹತ್ತಿಸುವ ಕೆಲಸ ಅವರದು. ಜಡೆ ಸೊಟ್ಟಗಾದರೂ ನೀವು ಬಿಚ್ಚಿ ಮತ್ತೆ ಹಾಕಬೇಡಿ! ಆ ಹೊತ್ತಿಗೆ ನೀವು ಒಂದು ಲೋಟ ಕಾಫಿಯನ್ನು ಬಿಸಿ ಇರುವಾಗಲೇ ಕುಡಿಯಬಹುದು. ಮಾರ್ಚಿನ ಎರಡನೇ ಭಾನುವಾರ ಅಮೆರಿಕದವರು ಮತ್ತೆ ಮುಂದಕ್ಕೆ ತಿರುಗಿಸುತ್ತಾರೆ, ಮೀಟಿಂಗು ಆರೂವರೆಗೆ ಬರುತ್ತದೆ. ಆಗಲೂ ಅವಳ ಹೊತ್ತು ಬದಲಿಸಬೇಡಿ, ಎಂಟಕ್ಕೆ ಅಪ್ಪ ಹೊರಗೆ ಬಂದು ಕಥೆ ಹೇಳಿದರೆ ಸಾಕು.

ಇಷ್ಟೆಲ್ಲ ಮಾಡಿ, ಮೂರು ನಾಲ್ಕು ವಾರ ಹತ್ತು ಗಂಟೆ ಮಲಗಿದ ಮೇಲೂ ಬೆಳಿಗ್ಗೆ ಏಳಲು ಒದ್ದಾಡುತ್ತಿದ್ದರೆ, ಅಥವಾ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೂಗಿನ ಹಿಂದೆ ಅಡಿನಾಯ್ಡ್ ಗಂಟು ಬೆಳೆದಿದ್ದರೆ ಹಾಗಾಗುತ್ತದೆ. ಬರುವಾಗ ಅವಳು ಮಲಗಿ ಉಸಿರಾಡುವುದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೋ ಮಾಡಿಕೊಂಡು ಬನ್ನಿ, ಡಾಕ್ಟರ ಮುಂದೆ ಯಾವ ಮಗುವೂ ಗೊರಕೆ ಹೊಡೆದು ತೋರಿಸುವುದಿಲ್ಲ.