ಯಾವ ದೇಶದ ಭಕ್ತಿ?

ನಮಸ್ಕಾರ.

ಬೆಳಗಾವಿಯ ಕ್ಯಾಂಪ್ (ಸೇನೆಯ ದಂಡು ಪ್ರದೇಶ) ಹತ್ತಿರ ಪಾಯ ತೋಡುವಾಗ ಸಿಕ್ಕ ಹಿತ್ತಾಳೆ ಪೆಟ್ಟಿಗೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಎರಡು ಸಾಲು ನನ್ನನ್ನು ರಾತ್ರಿಯೆಲ್ಲ ಕಾಡಿದವು.

"ಮಣ್ಣು ಸರಿಸಿದೊಡನೆ ಪೆಟ್ಟಿಗೆ ಬಂಗಾರದಂತೆ ಫಳಫಳ ಹೊಳೆಯಿತು." ನೂರು ವರ್ಷ ಮಣ್ಣಲ್ಲಿದ್ದ ಹಿತ್ತಾಳೆ ಹೊಳೆಯೋದಿಲ್ಲ. ಕಿಲುಬು ಹಿಡಿದು ಹಸಿರಾಗಿರುತ್ತದೆ. ದೇವರ ಮನೆಯ ತಂಬಿಗೆ ಒಂದು ತಿಂಗಳು ಹುಣಸೆಹಣ್ಣು ಕಾಣದಿದ್ದರೆ ಹೇಗಾಗುತ್ತದೆ, ನೋಡಿದ್ದೀರಲ್ವಾ? ಯಾರೋ ಉಜ್ಜಿದ ಮೇಲೆ ನೀವು ಅದನ್ನು ನೋಡಿದ್ದೀರಿ. ಹಾಗೇ ಬರೆಯಿರಿ. ಎಷ್ಟು ಆಳದಲ್ಲಿತ್ತು? ಪಕ್ಕದಲ್ಲಿ ಬೂದಿ ಇತ್ತಾ, ಬಾಟಲಿ ಚೂರು, ಅಂಗಿಯ ಗುಂಡಿ ಇದ್ದವಾ? ಕಸದ ಜೊತೆ ಬಿಸಾಕಿದ್ದು ಒಂದು ಕಥೆ, ಜೋಪಾನವಾಗಿ ಹೂತಿಟ್ಟದ್ದು ಇನ್ನೊಂದು. ಉತ್ಖನನ ಮಾಡುವವರು ವಸ್ತು ಎತ್ತುವ ಮುಂಚೆ ಅಳತೆ, ಫೋಟೊ ತೆಗೆಯೋದು ಇದಕ್ಕೇ.

ಇನ್ನೊಂದು ಸಾಲು: "ನನ್ನ ಎದೆಯಲ್ಲಿ ದೇಶಭಕ್ತಿ ಉಕ್ಕಿ ಹರಿಯಿತು." ಯಾವ ದೇಶದ ಭಕ್ತಿ? ನಿಮ್ಮ ವರ್ಣನೆ ನೋಡಿದರೆ ಅದು ಮೊದಲ ಮಹಾಯುದ್ಧದ ಹೊತ್ತಲ್ಲಿ, 1914ರ ಕ್ರಿಸ್‌ಮಸ್‌ಗೆ, ಬ್ರಿಟನ್ನಿನ 17 ವರ್ಷದ ರಾಜಕುಮಾರಿ ಮೇರಿಯ ಹೆಸರಲ್ಲಿ ಚಂದಾ ಎತ್ತಿ ಸೈನಿಕರಿಗೆ ಹಂಚಿದ ಪೆಟ್ಟಿಗೆ. ಮುಚ್ಚಳದ ನಡುವೆ ಅವಳ ಮುಖ. ಮೇಲೆ 'ಇಂಪೀರಿಯಂ ಬ್ರಿಟಾನಿಕಂ', ಅಂದರೆ ಬ್ರಿಟಿಷ್ ಸಾಮ್ರಾಜ್ಯ. ಸುತ್ತ ಮಿತ್ರದೇಶಗಳ ಹೆಸರು: ಫ್ರಾನ್ಸ್, ರಷ್ಯಾ, ಜಪಾನ್, ಬೆಲ್ಜಿಯಂ, ಸರ್ಬಿಯಾ, ಮಾಂಟೆನೆಗ್ರೊ. ಇಂಡಿಯಾದ ಹೆಸರಿಲ್ಲ. ಆ ಮುಚ್ಚಳ ನಿಮ್ಮ ಕೈಯಲ್ಲೇ ಇತ್ತು! ಒಳಗೆ ಗೋರಾ ಸಿಪಾಯಿಗೆ ತಂಬಾಕು, ಸಿಗರೇಟು. ನಮ್ಮವರಲ್ಲಿ ಬಹಳ ಜನಕ್ಕೆ ಕಲ್ಲುಸಕ್ಕರೆ, ಮಸಾಲೆ ಡಬ್ಬಿ. ಹಿತ್ತಾಳೆ ಸಾಲದೆ ಎಷ್ಟೋ ಮಂದಿಗೆ ಯುದ್ಧ ಮುಗಿದ ಮೇಲೆಯೇ ಪೆಟ್ಟಿಗೆ ತಲುಪಿತು. ಅಷ್ಟರಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕುತ್ ಪಟ್ಟಣದಲ್ಲಿ ಮರಾಠಾ ಪಲ್ಟನ್‌ಗಳು ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದಿದ್ದವು. 1916ರ ಏಪ್ರಿಲ್ 29ರಂದು ಅಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟಿಷರ ಸೇನೆ ತುರ್ಕರಿಗೆ ಶರಣಾಯಿತು. ಪಲ್ಟನ್ ಸೇರಿದವನನ್ನು ಕಳಿಸಿದ್ದು ಸಂಬಳವೋ, ಮನೆತನದ ಮಾನವೋ, ಉಂಡ ಉಪ್ಪಿನ ಋಣವೋ. ನಿಮ್ಮ ಇವತ್ತಿನ ದೇಶಭಕ್ತಿಯನ್ನು ಸುಮ್ನೆ ಅವನ ಪೆಟ್ಟಿಗೆಗೆ ತುಂಬಬೇಡಿ. ಅದರಲ್ಲಿ ಅವನಿಗೆ ಜಾಗ ಇರೋದಿಲ್ಲ.

ಈ ತಪ್ಪು ನನಗೆ ಹೊಸದಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸದಲ್ಲಿದ್ದಾಗ ಹಳ್ಳಿಯೊಂದರ ವೀರಗಲ್ಲಿನ ಮೇಲೆ ಬರೆದಿದ್ದೆ. ಒಂದೇ ಪುಟದಲ್ಲಿ 'ಅಮರ' ಏಳು ಸಲ. ನಮ್ಮ ಸಂಪಾದಕರು ಎಲ್ಲಕ್ಕೂ ಕೆಂಪು ಗೆರೆ ಎಳೆದರು. "ಕೆಳಗಿನ ಸಾಲಿನಲ್ಲಿ ಎಷ್ಟು ದನ ಇವೆ?" ಅಂದರು. ನನಗೆ ಗೊತ್ತಿರಲಿಲ್ಲ. ಮೇಲಿನ ಲಿಂಗ, ನಡುವಿನ ಅಪ್ಸರೆಯರು ಮಾತ್ರ ನೆನಪಿದ್ದರು. ಬಸ್ ಚಾರ್ಜ್ ಕೊಟ್ಟು ವಾಪಸ್ ಕಳಿಸಿದರು. ಕಲ್ಲಿನ ಬುಡ ಮಣ್ಣಲ್ಲಿ ಹೂತಿತ್ತು. ಕೈಯಿಂದಲೇ ಕೆದರಿದೆ. ಐದು ದನ, ಒಂದು ಕರು. ಕರು ತಾಯಿಯ ಕಡೆ ತಿರುಗಿ ನೋಡುತ್ತಿತ್ತು. ಸತ್ತವನು ಯಾಕೆ ಸತ್ತ ಅಂತ ಆಗ ನನಗೆ ಕಂಡಿತು.

ಆ ಗುಂಡಿ ಇನ್ನೂ ಮುಚ್ಚಿಲ್ಲ ಅಂತ ಬರೆದಿದ್ದೀರಿ. ಕಾಂಕ್ರೀಟ್ ಬೀಳುವ ಮುಂಚೆ ಹೋಗಿ, ಪೆಟ್ಟಿಗೆ ಎತ್ತಿದ ಕೆಲಸಗಾರನನ್ನು ಹುಡುಕಿ, ಅದು ಎಲ್ಲಿತ್ತು ಅಂತ ತೋರಿಸಲು ಹೇಳಿ. ಅವನ ಮಾತನ್ನು ಅವನು ಹೇಳಿದ ಹಾಗೇ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಬಿಟ್ಟಿದ್ದೇನೆ.