ವಕೀಲೆ ಲೆಸೆಗೊ ಚೊಂಬೊ 26ನೇ ವಯಸ್ಸಿಗೇ ಬೋಟ್ಸ್ವಾನದಲ್ಲಿ ಮಂತ್ರಿಯಾದದ್ದು ಹೇಗೆ?

ಓಟಿಗೆ ನಿಂತು ಗೆದ್ದು ಅಲ್ಲ. ಬೋಟ್ಸ್ವಾನದ ಸಂಸತ್ತಿನಲ್ಲಿ ಕ್ಷೇತ್ರಗಳಿಂದ ಗೆದ್ದು ಬಂದವರ ಜೊತೆಗೆ 6 ವಿಶೇಷ ಸೀಟುಗಳಿವೆ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸಂಸತ್ತು ಒಪ್ಪಬೇಕು. ಚೊಂಬೊ ಬಂದದ್ದು ಈ ಬಾಗಿಲಿನಿಂದ. ನಮ್ಮ ರಾಜ್ಯಸಭೆಯ ನಾಮನಿರ್ದೇಶನ ನೆನಪಾಗುತ್ತದೆ, ಅಲ್ವಾ?

ಆಕೆ ಬೋಟ್ಸ್ವಾನ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲಿಕೆ ಶುರುಮಾಡಿದವರು. 2022ರಲ್ಲಿ ಮಿಸ್ ಬೋಟ್ಸ್ವಾನ ಆದರು. 2024ರ ಮಾರ್ಚ್ 9ರಂದು ಮುಂಬೈನಲ್ಲಿ ಮಿಸ್ ವರ್ಲ್ಡ್ ಫೈನಲ್ ನಡೆದಾಗ ವೇದಿಕೆಯ ಮೇಲೆ ಉಳಿದ ಕೊನೆಯ ನಾಲ್ವರಲ್ಲಿ ಇವರೂ ಒಬ್ಬರು. ಕಿರೀಟ ತಪ್ಪಿತು, ಆಫ್ರಿಕಾ ಖಂಡದ ಪಟ್ಟ ಸಿಕ್ಕಿತು.

ಅದೇ ವರ್ಷ ಅಕ್ಟೋಬರ್ ಕೊನೆಯ ಚುನಾವಣೆಯಲ್ಲಿ 1966ರಿಂದ ಆಳುತ್ತಿದ್ದ ಪಕ್ಷ ಮಕಾಡೆ ಮಲಗಿತು. ಹೊಸ ಅಧ್ಯಕ್ಷ ಡುಮಾ ಬೊಕೊ ಕೂಡ ವಕೀಲರೇ. ನವೆಂಬರ್‌ನಲ್ಲಿ ಅವರು ಚೊಂಬೊಗೆ ಯುವಜನ ಮತ್ತು ಲಿಂಗ ವ್ಯವಹಾರಗಳ ಖಾತೆ ಕೊಟ್ಟರು. ಸಂಪುಟದಲ್ಲಿ ಎಲ್ಲರಿಗಿಂತ ಚಿಕ್ಕವರು ಇವರೇ.

'ಚೆಂದಕ್ಕೆ ಸಿಕ್ಕ ಕುರ್ಚಿ' ಅಂತ ಸುಮ್ನೆ ತಳ್ಳಿಹಾಕುವುದು ಸರಿಯಲ್ಲ ಅನ್ನಿಸುತ್ತದೆ. ಹಳ್ಳಿಗಾಡಿನ ಬಡ ಮಕ್ಕಳು, ಪೋಷಕರಿಗಾಗಿ ತಮ್ಮದೇ ಹೆಸರಿನ ಪ್ರತಿಷ್ಠಾನವನ್ನು ಮಂತ್ರಿಯಾಗುವ ಮೊದಲೇ ನಡೆಸುತ್ತಿದ್ದರು. ಆದರೆ ಸಿಕ್ಕ ಖಾತೆ ಸಲೀಸಾದದ್ದಲ್ಲ: ಯುವಕರ ನಿರುದ್ಯೋಗ, ಹೆಂಗಸರ ಮೇಲಿನ ಹಿಂಸೆ, ಎರಡೂ ಅಲ್ಲಿ ಜಾಸ್ತಿ.