ತಗ್ಗಿಸಿದ ಸ್ವಿಫ್ಟ್‌ಗೆ ಎಷ್ಟು ಇಂಚಿನ ಗಾಲಿ?

ಪ್ರಶ್ನೆ: ನನ್ನದು 2014ರ ಸ್ವಿಫ್ಟ್. ಈಗಿರುವ ಟೈರ್ 185/65 ಆರ್15. ಸ್ಪ್ರಿಂಗ್ ಬದಲಿಸಿ ಕಾರನ್ನು 35 ಮಿ.ಮೀ. ತಗ್ಗಿಸಿದ್ದೇನೆ. ಅಂಗಡಿಯವರು 17 ಇಂಚಿನ ಅಲಾಯ್, 205/45 ಟೈರ್ ಹಾಕಿಸಿ ಅಂತಾರೆ. ತಿಂಗಳಿಗೆರಡು ಸಲ ಅಪ್ಪ, ಅಮ್ಮ, ಮಕ್ಕಳ ಜೊತೆ ಊರಿಗೆ ಹೋಗುತ್ತೇವೆ. ಹಾಕಿಸಲೇ ಸಾರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. 16 ಇಂಚಿಗೆ ನಿಲ್ಲಿಸಿ. ಟೈರ್ 195/55 ಆರ್16 ಇರಲಿ. ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 55, ರಿಮ್ 16 ಇಂಚು.

ಎತ್ತರದ ಲೆಕ್ಕ ನೋಡಿದರೆ 17 ಇಂಚು ತಪ್ಪೇನಲ್ಲ. ನಿಮ್ಮ ಈಗಿನ ಗಾಲಿ ಟೈರ್ ಸೇರಿ ಸುಮಾರು 621 ಮಿ.ಮೀ. ಎತ್ತರ. ಅಂಗಡಿಯವರು ಹೇಳಿದ್ದು 616. ನಾನು ಹೇಳುತ್ತಿರುವುದು 621. ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಡಿಕ್ಕಿಯಲ್ಲಿರುವ ಹಳೇ ಸ್ಟೆಪ್ನಿಯೂ ಕೆಲಸಕ್ಕೆ ಬರುತ್ತದೆ.

ನನಗೆ ಭಯ ಟೈರಿನ ಗೋಡೆಯದ್ದು. ರಿಮ್ಮಿನ ಅಂಚಿನಿಂದ ನೆಲದವರೆಗೆ ಈಗ 120 ಮಿ.ಮೀ. ರಬ್ಬರ್ ಇದೆ. 16 ಇಂಚಿಗೆ ಅದು 107 ಆಗುತ್ತದೆ. 17 ಹಾಕಿದರೆ ಬರೀ 92. ತಗ್ಗಿಸಿದ ಕಾರಿನಲ್ಲಿ ಸ್ಪ್ರಿಂಗ್ ಕುಗ್ಗಲು ಇರುವ ಜಾಗವೇ ಕಮ್ಮಿ. ಉಳಿದ ಏಟನ್ನು ತಿನ್ನುವುದು ಈ ಗೋಡೆ. ಅದನ್ನೂ ತೆಳ್ಳಗೆ ಮಾಡಿದರೆ ಏಟು ನೇರ ರಿಮ್ಮಿಗೆ.

ನನಗಿದು ಶಿರಾಡಿ ಘಾಟಿಯಲ್ಲಿ ಗೊತ್ತಾಯಿತು. ಆಗ ನನ್ನ ಕಾರೂ ತಗ್ಗಿಸಿದ್ದೇ, ಇದೇ 205/45 ಟೈರ್. ಸಕಲೇಶಪುರ ದಾಟಿ ಇಳಿಯುವಾಗ ಜೋರು ಮಳೆ. ಗುಂಡಿಯಲ್ಲಿ ನೀರು ತುಂಬಿ ರಸ್ತೆಯ ಮಟ್ಟಕ್ಕೇ ಇತ್ತು, ಕಾಣಲಿಲ್ಲ. ಎಡಗಡೆ ಮುಂದಿನ ರಿಮ್ ಬೆಂಡಾಯಿತು, ಟೈರಿನ ಗೋಡೆ ಕಿತ್ತಳೆ ಹಣ್ಣಿನಷ್ಟು ಉಬ್ಬಿತು. ಅಮ್ಮ ಹಿಂದಿನ ಸೀಟಿನಲ್ಲಿದ್ದರು. ಸ್ಟೆಪ್ನಿ ಹಾಕುವಷ್ಟು ಹೊತ್ತೂ ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ನಿಮ್ಮ ಪತ್ರದಲ್ಲಿ ‘ಅಪ್ಪ, ಅಮ್ಮ, ಮಕ್ಕಳು’ ಅಂತ ಓದಿದಾಗ ನೆನಪಾಗಿದ್ದು ಅದೇ.

ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಇನ್ನೊಂದು ನಂಬರ್ ಇರುತ್ತದೆ, ಅದನ್ನೂ ನೋಡಿ. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. 87 ಅಂದರೆ 545, ಪರವಾಗಿಲ್ಲ. 205/45 ಆರ್17ರಲ್ಲಿ 84 ನಂಬರಿನದ್ದು ಸಿಗುತ್ತದೆ, ಅದು 500 ಕೆ.ಜಿ. ಮಾತ್ರ. ಐದು ಜನ, ಜೊತೆಗೆ ಊರಿಂದ ತರುವ ಅಕ್ಕಿ ಮೂಟೆ ಇದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನು ರಿಮ್ಮಿನ ಅಗಲ. 6 ಇಂಚು ಸಾಕು. ರಿಮ್ಮಿನ ಹಿಂದೆ ‘ಇಟಿ’ ಅಂತ ಒಂದು ನಂಬರ್ ಕೆತ್ತಿರುತ್ತಾರೆ, ಗಾಲಿ ಎಷ್ಟು ಒಳಗೆ ಕೂರುತ್ತದೆ ಅಂತ ಹೇಳುವ ಮಿ.ಮೀ. ಅಳತೆ ಅದು. ಹೊಸದರ ನಂಬರ್ ಹಳೆಯದಕ್ಕೆ ಹತ್ತಿರ ಇರಬೇಕು. ಉದಾಹರಣೆಗೆ ಅಗಲ 1 ಇಂಚು ಜಾಸ್ತಿಯಾಗಿ, ಇಟಿ 45ರಿಂದ 35ಕ್ಕೆ ಇಳಿದರೆ ಗಾಲಿ ಸುಮಾರು 23 ಮಿ.ಮೀ. ಹೊರಗೆ ಬರುತ್ತದೆ. ಎತ್ತರ ಇರುವ ಕಾರಿನಲ್ಲಿ ಹೇಗೋ ನಡೆಯುತ್ತದೆ. ತಗ್ಗಿಸಿದ ಕಾರಿನಲ್ಲಿ ಹಂಪ್ ಸಿಕ್ಕಾಗಲೆಲ್ಲ ಮಡ್‌ಗಾರ್ಡ್ ಅಂಚು ಟೈರನ್ನು ಕೆರೆಯುತ್ತದೆ. ನಡುವಿನ ತೂತೂ ಮುಖ್ಯ. ಆ ತೂತು ಕೂರುವ ಕಾರಿನ ಭಾಗವೇ ಹಬ್, ಸ್ವಿಫ್ಟ್‌ನಲ್ಲಿ ಅದು 54.1 ಮಿ.ಮೀ. ಹೊರಗಿನ ಅಲಾಯ್‌ಗಳ ತೂತು ಇದಕ್ಕಿಂತ ದೊಡ್ಡದಿದ್ದರೆ ನಡುವಿನ ಸಂದು ತುಂಬುವ ಸರಿಯಾದ ರಿಂಗ್ ಕೇಳಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ವೇಗ ಏರಿದಾಗ ಸ್ಟೀರಿಂಗ್ ನಡುಗಬಹುದು.

ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದ್ದೀರಾ? ಕಾರು ಇಳಿದಾಗ ಮುಂದಿನ ಗಾಲಿಗಳ ತಲೆ ಒಳಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಗಾಲಿಯ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ. ಮಾಡಿಸದೇ ಬಿಟ್ಟರೆ ಟೈರಿನ ಒಳಗಡೆ ಅಂಚು ಬೇಗ ಸವೆದು ತಂತಿ ಕಾಣುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಹೊಸ ಗಾಲಿಯನ್ನು ಸುಮ್ನೆ ಜೋಡಿಸಿ ನೋಡಲು ಅಂಗಡಿಯವರನ್ನು ಕೇಳಿ. ಮಡ್‌ಗಾರ್ಡ್ ಒಳಗೆ ನಾಲ್ಕೈದು ಕಡೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ. ಐದು ಜನ ಕೂತು, ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಹಂಪ್ ನಿಧಾನ ಹತ್ತಿ ಇಳಿಸಿ. ಹಿಟ್ಟು 10 ಮಿ.ಮೀ.ಗಿಂತ ತೆಳ್ಳಗೆ ಚಪ್ಪಟೆಯಾಗಿದ್ದರೆ ಆ ಗಾಲಿ ವಾಪಸ್ ಕೊಡಿ.